ಹಮ್ಮು ಗೌಡರು ತಂದ ಬೇರಿಂಗು

ಮೂರನೆಯ ಕಡಲೇರಿನ ನಲವತ್ತನೆಯ ವರ್ಷ, ಸಿಗಡಿ ತಿಂಗಳ ಅಷ್ಟಮಿ
ಗಂಗಾವಳಿ ಅಳಿವೆಯ ಪಂಪುಮನೆಯಿಂದ

ಡೀಸೆಲ್ ಎಂಜಿನುಗಳ ಕಾಲದ ಹಿರಿಯರಿಗೆ,

ಈ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗದು. ಕಡಲು ಊರೊಳಗೆ ಬಂದು ನಿಂತ ಪ್ರತಿ ಸಲವೂ ನಾವು ವರ್ಷಗಳನ್ನು ಮೊದಲಿನಿಂದ ಎಣಿಸುತ್ತೇವೆ. ಅದಕ್ಕೆ ಕಡಲೇರು ಎನ್ನುತ್ತೇವೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಎಂಜಿನ್ನಿನ ಭಾಗಗಳನ್ನು ಮಾತ್ರ ಈಗಲೂ ನೀವಿಟ್ಟ ಹೆಸರಿನಿಂದಲೇ ಕರೆಯುತ್ತೇವೆ. ಈ ಕಾಗದ ನಿಮ್ಮನ್ನು ಹೇಗೆ ಮುಟ್ಟೀತೋ ತಿಳಿಯದು. ಎಂಜಿನ್ನಿನ ವಿಷಯ ಬರೆಯೋಣವೆಂದರೆ, ಅದನ್ನು ಬಲ್ಲವರು ನನ್ನ ಸುತ್ತ ಯಾರೂ ಉಳಿದಿಲ್ಲ.

ನನ್ನ ಹೆಸರು ಸುಗಂಧಿ ಹರಿಕಂತ್ರ. ಉಪ್ಪುಗಟ್ಟೆಯ, ಅಂದರೆ ಕಡಲನ್ನು ತಡೆದು ನಿಲ್ಲಿಸಿರುವ ಗೋಡೆಯ, ತುದಿಯಲ್ಲಿ ನಿಮ್ಮ ಕಾಲದ ಆರು ಸಿಲಿಂಡರಿನ ಎಂಜಿನ್ನೊಂದನ್ನು ನೋಡಿಕೊಳ್ಳುತ್ತೇನೆ. ಗೋಡೆಯಿಂದ ಒಸರುವ ಉಪ್ಪುನೀರನ್ನು ಅದು ಎತ್ತಿ ಆಚೆಗೆ ಎಸೆಯುತ್ತದೆ. ಅದು ನಿಂತರೆ ಎರಡು ವಾರದೊಳಗೆ ಉಪ್ಪು ಸಿಹಿಕೆರೆಗೆ ಇಳಿಯುತ್ತದೆ. ಆ ಕೆರೆಯ ನೀರು ಕುಡಿಯುವ ಮನೆಗಳು ಹಿಂದಿನ ಗುಡ್ಡದ ತುಂಬ ಇವೆ. ನಾವು ಉರಿಸುವುದು ಹೊಂಗೆ ಎಣ್ಣೆ. ಅದು ನಳಿಕೆಗಳಲ್ಲಿ ಮೇಣದಂತೆ ಕಟ್ಟುತ್ತದೆ. ವಾರಕ್ಕೊಮ್ಮೆ ಎಣ್ಣೆ ಚಿಮ್ಮಿಸುವ ಇಂಜೆಕ್ಟರು ಬಿಚ್ಚಿ ಬಿಸಿನೀರಲ್ಲಿ ತೊಳೆಯಬೇಕು. ಬೆಳಿಗ್ಗೆ ಕಿವಿಗೋಲಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಒತ್ತಿ ಆರೂ ಸಿಲಿಂಡರುಗಳನ್ನು ಒಂದೊಂದಾಗಿ ಕೇಳುತ್ತೇನೆ. ದಿನದಲ್ಲಿ ನನ್ನ ಕಿವಿಗೆ ಬೀಳುವ ಮೊದಲ ಸದ್ದು ಅದೇ.

ನದಿಯ ಮೇಲ್ದಂಡೆಯ ಊರಿನಲ್ಲಿ, ಅಲ್ಲಿಯ ಉಪ್ಪುನೀರು ಎತ್ತಲು, ಇದರದ್ದೇ ಜೋಡಿ ಎಂಜಿನ್ ಇತ್ತು. ಅದನ್ನು ನೋಡುತ್ತಿದ್ದವರು ಹಮ್ಮು ಗೌಡರು. ಸಂಜೆ ಹೊತ್ತು ದೂರದನಿಯಲ್ಲಿ, ಎಂದರೆ ತಂತಿಯಿಲ್ಲದ ಮಾತಿನ ಪೆಟ್ಟಿಗೆಯಲ್ಲಿ, ನಾವು ಮಾತಾಡುತ್ತಿದ್ದೆವು. ಎಣ್ಣೆಯ ಒತ್ತಡ ಎಷ್ಟು, ಏನು ಊಟ, ಇಷ್ಟೇ. ವರ್ಷಗಟ್ಟಲೆ ಮಾತಾಡಿದರೂ ಮುಖ ನೋಡಿರಲಿಲ್ಲ. ಇಬ್ಬರೂ ಎಂಜಿನ್ ಬಿಟ್ಟು ಹೊರಡುವ ಹಾಗಿರಲಿಲ್ಲ.

ಈ ಸಲ ಮಳೆ ಹಿಂದೆಗೆದ ಮೇಲೆ ಮೂರನೆಯ ಸಿಲಿಂಡರಿನ ಅಡಿಯಲ್ಲಿ ಮೊಂಡು ಬಡಿತ ಕೇಳಿಸಿತು. ಎಂಜಿನ್ ನಿಲ್ಲಿಸಿ, ಬಿಸಿ ಎಣ್ಣೆಯ ಆವಿಗೆ ಗಾಳಿ ತಗುಲಿ ಹೊತ್ತಿಕೊಳ್ಳದಿರಲೆಂದು ಪೂರ್ತಿ ತಣಿಯುವ ತನಕ ಕಾದೆ. ಆಮೇಲೆ ಕ್ರ್ಯಾಂಕ್‌ಕೇಸಿನ ಬಾಗಿಲು ತೆಗೆದು ಕೈ ಹಾಕಿದೆ. ಬೆರಳ ತುಂಬ ಬಿಳಿ ಲೋಹದ ಪುಡಿ ಬಂತು. ಕ್ರ್ಯಾಂಕನ್ನು ತಬ್ಬಿ ಹಿಡಿಯುವ ಬೇರಿಂಗು ಸವೆದು ಕಿತ್ತುಹೋಗಿತ್ತು. ನನ್ನಲ್ಲಿ ಬೇರೆ ಇರಲಿಲ್ಲ. ಆ ಸಂಜೆ ಗೌಡರಿಗೆ ಹೇಳಿದೆ.

“ಹಳೆಯದನ್ನೇ ತಿರುವಿ ಹಾಕಿ ಓಡಿಸಲೇ?” ಎಂದು ಕೇಳಿದೆ.

“ಹುಚ್ಚೇನೆ ನಿನಗೆ? ಕ್ರ್ಯಾಂಕ್ ಹಾಳಾದರೆ ಎಂಜಿನ್ನೇ ಹೋಯ್ತು.” ಯಾವ ಬೇರಿಂಗೆಂದು ಇನ್ನೊಮ್ಮೆ ಕೇಳಿಕೊಂಡರು. ಆಮೇಲೆ, “ನಾಳೆ ಹೇಳ್ತೆ ತಡಿ,” ಎಂದರು.

ಮರುದಿನ ದೂರದನಿ ಕರೆಯಲಿಲ್ಲ. ಅದರ ಮಾರನೆ ದಿನ ಕಟ್ಟೆಗೆ ಒಂದು ದೋಣಿ ತಾಗಿತು. ಇಳಿದದ್ದು ಗಿಡ್ಡ ಮನುಷ್ಯ, ಒಂದು ಭುಜ ಇಳಿಬಿದ್ದಿತ್ತು. ದನಿ ಕೇಳಿದ ಮೇಲೆ ಗೌಡರೆಂದು ತಿಳಿಯಿತು. ಗೋಣಿಚೀಲ ಬಿಚ್ಚಿದರು, ಒಳಗೆ ಅವರ ಎಂಜಿನ್ನಿನ ಬೇರಿಂಗು.

“ನಿಮ್ಮ ಊರಿಗೆ?” ಎಂದೆ.

“ನಮ್ಮದು ಬೆರಳೆಣಿಕೆಯ ಮನೆ. ಕೂತು ಮಾತಾಡಿದೆವು. ಊರು ಬಿಟ್ಟು ಘಟ್ಟ ಹತ್ತುವುದು ಅಂತಾಯ್ತು. ನಿನ್ನ ಕೆರೆ ಕುಡಿಯುವವರು ಎಷ್ಟು ಜನ, ನೋಡು.”

ನಾವಿಬ್ಬರೂ ಕ್ರ್ಯಾಂಕ್‌ಪಿನ್ನನ್ನು ಎಣ್ಣೆಕಲ್ಲಿನಿಂದ ಉಜ್ಜಿ ನುಣುಪು ಮಾಡಿದೆವು. ಸೀಸದ ತಂತಿಯ ತುಂಡನ್ನು ನಡುವೆ ಇಟ್ಟು ಬಿಗಿದು, ಮತ್ತೆ ಬಿಚ್ಚಿ, ಅದು ಎಷ್ಟು ಚಪ್ಪಟೆಯಾಯಿತೆಂದು ಅಳೆದು ಸಂದು ಸರಿಯಿದೆಯೆಂದು ಖಾತ್ರಿ ಮಾಡಿಕೊಂಡೆವು. ಅವರು ಬೋಲ್ಟು ಬಿಗಿಯುವಾಗ ನಾನು ದೀಪ ಹಿಡಿದೆ, ನಾನು ಬಿಗಿಯುವಾಗ ಅವರು. ಕೊನೆಗೆ ಕೈಯಿಂದಲೇ ಫ್ಲೈವೀಲನ್ನು ಎರಡು ಸುತ್ತು ತಿರುಗಿಸಿ, ಸಿಲಿಂಡರಿಗೆ ಅದುಮಿಟ್ಟ ಗಾಳಿ ಬಿಟ್ಟು ಎಂಜಿನ್ ಶುರು ಮಾಡಿದೆವು. ಕಿವಿಗೋಲನ್ನು ಅವರಿಗೇ ಕೊಟ್ಟೆ. ಕಣ್ಣು ಮುಚ್ಚಿ ಕೇಳಿದರು. “ನಮ್ಮದರ ಹಾಗೇ ಐತಲ್ಲೇ,” ಎಂದರು. ಕಿವಿಗೋಲನ್ನು ಒರೆಸಿ ನನ್ನ ಕೈಗಿಟ್ಟರು.

ಘಟ್ಟದ ಬುಡದಲ್ಲಿ ಅವರ ಮಗಳೂ ಊರಿನವರೂ ಕಾಯುತ್ತಿದ್ದರು. ಇರಿ ಎನ್ನಬೇಕೆಂದಿದ್ದೆ. “ಕಟ್ಟೆ ಜಾರುತ್ತದೆ, ನೋಡಿಕೊಂಡು ಇಳಿಯಿರಿ,” ಎಂದೆ. ದೋಣಿ ತಿರುವು ದಾಟುವ ತನಕ ನಿಂತೆ. ನನ್ನ ದೂರದನಿ ಘಟ್ಟದ ಆಚೆ ಮುಟ್ಟುವುದಿಲ್ಲ. ಆದರೂ ಸಂಜೆ ಪೆಟ್ಟಿಗೆ ಹಚ್ಚಿ ಎಣ್ಣೆಯ ಒತ್ತಡ ಹೇಳುತ್ತೇನೆ. ಎಂಜಿನ್ ಚೆನ್ನಾಗಿ ಓಡುತ್ತಿದೆ. ಕೆರೆ ಸಿಹಿಯಾಗಿದೆ.

ನನ್ನದೊಂದು ಕೋರಿಕೆ. ಈ ಪಂಪುಮನೆಯ ಕೋಣೆಯಲ್ಲಿ ಒಂದು ಮಂಚ ಹಾಕಿದರೆ ನಿಲ್ಲಲೂ ಜಾಗವಿಲ್ಲ. ಗೌಡರು ಇದ್ದಷ್ಟು ದಿನವೂ ಸ್ಪ್ಯಾನರಿನ ಪೆಟ್ಟಿಗೆಗಳ ಮೇಲೆ ಮಲಗಿದರು. ಎಂಜಿನ್ನಿಗೆ ಒಬ್ಬರು ಸಾಕೆಂದು ನಿಮ್ಮಲ್ಲಿ ಯಾರೋ ಲೆಕ್ಕ ಹಾಕಿರಬೇಕು. ಓಡಿಸಲು ಒಬ್ಬರು ಸಾಕು, ನಿಜ. ನೀವು ಇನ್ನೂ ಈ ಕೋಣೆಯ ಗೋಡೆಗಳನ್ನು ಎಬ್ಬಿಸಿರದಿದ್ದರೆ ದಯವಿಟ್ಟು ಒಂದನ್ನು ನಾಲ್ಕು ಮೊಳ ಆಚೆಗೆ ಸರಿಸಿ ಕಟ್ಟಿ.

ಇಂತಿ,
ಸುಗಂಧಿ