ನಕ್ಕದ್ದು ಯಾರಿಗೆ, ಮಾವ?

ಪ್ರೀತಿಯ ಮಾವ,

ನೀವು ತೀರಿಹೋದ ಮೇಲೆ ನಮ್ಮ ತುಳು ನಾಟಕದ ಮದುವೆ ದಲ್ಲಾಳಿಯ ಪಾರ್ಟು ನನಗೆ ಬಂತು. ನಿಮ್ಮದೇ ಕೊಡೆ, ನಿಮ್ಮದೇ ಕೋಟು, ಹೆಗಲ ಹತ್ತಿರ ಸ್ವಲ್ಪ ಸಡಿಲ. ಬಿ.ಸಿ.ರೋಡಿನಲ್ಲಿ ಸ್ಟೇಜಿಗೆ ಕಾಲಿಟ್ಟೆ, ಬಾಯಿ ತೆರೆದದ್ದೇ ಇಲ್ಲ, ಜನ ನಗಲಿಕ್ಕೆ ಶುರು. ನಿಮ್ಮ ಆ ಮಾತು, "ಊಟ ಆಯ್ತಾ ಅಂತ ಕೇಳಬೇಡಿ, ಬಡಿಸಿ ನೋಡಿ", ಅದನ್ನಂತೂ ನನಗಿಂತ ಮೊದಲು ಎದುರಿನ ಸಾಲಿನವರೇ ಹೇಳಿ ಮುಗಿಸಿದರು. ನಿಮ್ಮ ನಾಟಕದ ವಿಡಿಯೋ ಎಲ್ಲರ ಮೊಬೈಲಲ್ಲೂ ಉಂಟಲ್ಲ. ಹಾಗಾದರೆ ಇವರು ಇಲ್ಲಿವರೆಗೆ ಬಂದು ಕೂತದ್ದು ಎಂತಕ್ಕೆ? ನಕ್ಕದ್ದು ನನಗಾ, ನಿಮಗಾ?

ಮನೆಗೆ ಬಂದು ನಿಮ್ಮ ಮಗಳ ಹತ್ತಿರ ಹೇಳಿದೆ. "ನಗದಿದ್ದರೂ ತಲೆಬಿಸಿ, ನಕ್ಕರೂ ತಲೆಬಿಸಿ. ನಿಮಗೆ ಎಂತ ಆಗಬೇಕು ಮಾರಾಯ್ರೆ?" ಅಂದಳು. ನಿಮ್ಮದೇ ನಾಲಿಗೆ ಅವಳದ್ದು.

ಅದರ ಮೇಲೆ ಒಬ್ಬರು ಹೆಂಗಸು. ಫರಂಗಿಪೇಟೆಯಲ್ಲಿ ಎದುರಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು, ಒಂದು ನಗು ಇಲ್ಲ. ಮೂಡುಬಿದಿರೆಯಲ್ಲೂ ಅವರೇ. ನನ್ನನ್ನು ನಿಮ್ಮ ಪಕ್ಕ ಇಟ್ಟು ತೂಗಲಿಕ್ಕೇ ಬರ್ತಾರೆ ಅಂತ ನನಗೆ ಖಾತ್ರಿ ಆಯಿತು.

ಆ ಮೂಡುಬಿದಿರೆಯಲ್ಲಿ ಸೆಟ್ಟಿನ ಬಾಗಿಲು ಸಿಕ್ಕಿಹಾಕಿಕೊಂಡಿತು ಮಾವ. ದಲ್ಲಾಳಿ ಹೆಣ್ಣಿನ ಮನೆಯಿಂದ ಸಿಟ್ಟು ಮಾಡಿ ಹೊರಡುವ ಜಾಗ ಗೊತ್ತುಂಟಲ್ಲ, ಅಲ್ಲಿ. ಎಳೆದೆ, ಬರಲಿಲ್ಲ. ನೀವು ಕಲಿಸಿದ್ದರಲ್ಲಿ ಇದಕ್ಕೆ ಮಾತಿರಲಿಲ್ಲ. ಜನರ ಕಡೆ ತಿರುಗಿ, "ದಲ್ಲಾಳಿಯನ್ನು ಒಳಗೆ ಬಿಡದ ಮನೆ ಬೇಕಾದಷ್ಟು ನೋಡಿದ್ದೇನೆ, ಹೊರಗೆ ಬಿಡದ ಮನೆ ಇದೇ ಮೊದಲು" ಅಂದುಬಿಟ್ಟೆ. ಆ ಹೆಂಗಸು ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರು.

ನಾಟಕ ಮುಗಿದು ನಾನು ಬಣ್ಣ ತೆಗೆಯುವಾಗ ಅವರೇ ಬಂದರು. "ಮೊಬೈಲಲ್ಲಿ ಆ ಬಾಗಿಲು ಯಾವಾಗಲೂ ತೆರೀತದೆ," ಅಂದರು. "ಇಲ್ಲಿ ಕೂತರೆ ಎಂತ ಆಗ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಇನ್ನು ಮುಂದಿನ ನಾಟಕ ಎಲ್ಲಿ?" ನಂಬುವುದಾ ಇದನ್ನು? ಅವರು ನಕ್ಕದ್ದು ಬಾಗಿಲಿಗೂ ಇರಬಹುದು, ನನಗೇ ಅಂತ...

ಬಾಗಿಲು ರಿಪೇರಿ ಮಾಡಿಸಿದ್ದೇನೆ. ಇನ್ನೊಂದು ತೀರ್ಮಾನವೂ ಆಗಿದೆ, ನಿಮಗೇ ಮೊದಲು ಹೇಳುವುದು. ನಾಳೆ ಲಾಯಿಲದಲ್ಲಿ ನಿಮ್ಮ ಊಟದ ಮಾತು ನಾನು ಹೇಳುವುದಿಲ್ಲ. ಆ ಜಾಗದಲ್ಲಿ ಜನರ ಮುಖ ನೋಡಿ ಬಾಯಿಗೆ ಬಂದದ್ದು ಹೇಳ್ತೇನೆ. ಜನ ನಗದಿದ್ದರೆ ಇಷ್ಟು ದಿನದ ನಗು ಪೂರ್ತಿ ನಿಮ್ಮದು, ಒಪ್ಪಿದೆ. ನಕ್ಕರೆ... ನಕ್ಕರೆ ನೀವು ಬೇಜಾರು ಮಾಡಬಾರದು, ಮಾವ.

ನಿಮ್ಮ ಅಳಿಯ