ಈ ವರ್ಷ ಯಾರೂ ಒಯ್ಯದ ಸಸಿಗಳು

ಅತ್ತಾವರ, ಮಂಗಳೂರು
೨೦ ಅಕ್ಟೋಬರ್ ೧೯೫೭, ಭಾನುವಾರ

ಪ್ರೀತಿಯ ಪಿಯುಸ್,

ನಿನ್ನ ಕಾಗದ ಗುರುವಾರ ಕೈ ಸೇರಿತು. ಮೈ ಹೇಗುಂಟು? ಸಂಜೆಯ ಜ್ವರ ಪೂರ್ತಿ ನಿಂತಿದೆ ಎಂದು ಬರೆದಿದ್ದೀ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ಹಾಲು, ಮೊಟ್ಟೆ ಸರಿಯಾಗಿ ಕೊಡುತ್ತಾರೆಯೇ? ಅಲ್ಲಿ ಘಟ್ಟದಾಚೆ ಈಗ ಚಳಿ ಶುರುವಾಗಿರಬೇಕು. ನಾನು ಹೆಣೆದು ಕಳಿಸಿದ ಉಣ್ಣೆಯ ಬನಿಯನನ್ನು ಟ್ರಂಕಿನಲ್ಲಿಟ್ಟು ಕಾಪಾಡಬೇಡ, ಮೈಗೆ ಹಾಕಿಕೋ. ಪಪ್ಪನಿಗೆ ಮೊಣಕಾಲು ನೋವು ಬಿಟ್ಟರೆ ಬೇರೇನೂ ಇಲ್ಲ. ನಾನು ಚೆನ್ನಾಗಿದ್ದೇನೆ. ಕನ್ನಡದಲ್ಲಿ ಬರೆಯುತ್ತೇನೆಂದು ನೀನು ಪ್ರತಿ ಸಲ ತಮಾಷೆ ಮಾಡುತ್ತೀ. ದಿನವಿಡೀ ಮಕ್ಕಳ ಕಾಗುಣಿತ ತಿದ್ದುವವಳಿಗೆ ಕೊಂಕಣಿ ಬಾಯಲ್ಲಿ ಬರುತ್ತದೆಯೇ ಹೊರತು ಕಾಗದದ ಮೇಲೆ ಬರುವುದಿಲ್ಲ, ಏನು ಮಾಡಲಿ.

ಕಫದಲ್ಲಿ ಈಗ ಏನೂ ಕಾಣುವುದಿಲ್ಲ, ನವೆಂಬರ್ ಕೊನೆಗೆ ಸ್ಯಾನಟೋರಿಯಂನಿಂದ ಬಿಡುತ್ತೇವೆ ಎಂದು ಡಾಕ್ಟರು ಹೇಳಿದ್ದನ್ನು ಪಪ್ಪನಿಗೆ ನಾನೇ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ಸಂಜೆ ಜಪಮಾಲೆ ಹಿಡಿದು ತೇರ್ಸ್ ಪ್ರಾರ್ಥನೆ ಹೇಳುವಾಗ ನಿನ್ನ ಹೆಸರು ಬಂದ ಕೂಡಲೇ ಅವರು ಎದ್ದು ಜಗಲಿಗೆ ಹೋದರು. ಮುಂದಿನದನ್ನು ನಾನೊಬ್ಬಳೇ ಹೇಳಿ ಮುಗಿಸಿದೆ.

ಪಪ್ಪ ಈ ಸಲ ಟೊಮೆಟೊ ಸಸಿ ಮಾಡಿದರಾ, ಯಾರೆಲ್ಲ ಒಯ್ದರು ಎಂದು ಕೇಳಿದ್ದೀ. ‘ಎಲ್ಲ ಚೆನ್ನಾಗಿ ಉಂಟು ಅಂತ ಬರಿ’ ಎಂದು ಪಪ್ಪ ಹೇಳುತ್ತಾರೆ. ಕಾಯಿಲೆಯವನಿಗೆ ಬೇಸರದ ಸುದ್ದಿ ತಿಳಿಸಬಾರದು ಎಂಬುದು ಅವರ ಮತ. ಆದರೆ ನೀನು ಈಗ ಕಾಯಿಲೆಯವನಲ್ಲ. ಇನ್ನು ಸ್ವಲ್ಪ ದಿನಕ್ಕೆ ಇದೇ ಓಣಿಗೆ ಬಂದು ಬದುಕಬೇಕಾದವನು. ಇಲ್ಲಿ ಹೇಗುಂಟು ಎಂದು ಗೊತ್ತಿಲ್ಲದೆ ಬಂದು ಗೇಟಿನ ಹತ್ತಿರ ಪೆಟ್ಟು ತಿನ್ನುವುದಕ್ಕಿಂತ ಅಲ್ಲೇ ಹಾಸಿಗೆಯ ಮೇಲೆ ಕೂತು ಓದುವುದು ಒಳ್ಳೆಯದು ಎಂದು ನನಗೆ ಅನ್ನಿಸಿತು. ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಬೀಜ ನೀನು ತೆಗೆದಿಟ್ಟದ್ದೇ. ಕಳೆದ ಜನವರಿಯಲ್ಲಿ ಕೆಮ್ಮುತ್ತಾ ಕೂತು, ಹಣ್ಣಿನ ಲೋಳೆ ತೊಳೆದು, ಬೂದಿ ಹಚ್ಚಿ ಹಳೆಯ ಪೇಪರಿನ ಮೇಲೆ ಒಣಗಿಸಿದ್ದೆಯಲ್ಲ, ಆ ಬೀಜ. ಘಟ್ಟದ ಮೇಲಿನವರಿಗೆ ಟೊಮೆಟೊ ಒಂದು ಕಷ್ಟವೇ ಅಲ್ಲ. ನಮ್ಮ ಈ ಬೆವರುವ ಊರಿನಲ್ಲಿ ಅದನ್ನು ಎಬ್ಬಿಸುವುದೆಂದರೆ ಕೂಸು ಸಾಕಿದ ಹಾಗೆ ಎಂದು ಪಪ್ಪ ಹೇಳುವುದು ನಿನಗೆ ಗೊತ್ತುಂಟು. ಮಳೆ ಪೂರಾ ಬಿಡುವ ತನಕ ಕಾದರೆ ತಡವಾಗುತ್ತದೆ, ಕ್ರಿಸ್ಮಸ್ಸಿಗೆ ಹಣ್ಣು ಸಿಗುವುದಿಲ್ಲ. ಮಳೆಯ ನಡುವೆಯೇ ಬಿತ್ತಿದರೆ ಸಸಿ ಕೊಳೆಯುತ್ತದೆ. ಆಗಸ್ಟಿನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಪಪ್ಪ ಸೌದೆ ಕೊಟ್ಟಿಗೆಯಲ್ಲಿ ಮೇ ತಿಂಗಳಿನಿಂದ ಕೂಡಿಟ್ಟ ತರಗೆಲೆ ಹೊರಗೆ ತಂದರು. ಅದರ ಮೇಲೆ ಮಣ್ಣು ಪೇರಿಸಿ ಬೆಂಕಿ ಹಾಕಿ, ಹೊಗೆಯಾಡಿಸಿ, ಸುಡುಮಣ್ಣು ಮಾಡಿದರು. ಹಿತ್ತಿಲಲ್ಲಿ ಕೆಂಪುಕಲ್ಲು ಜೋಡಿಸಿ ಎತ್ತರದ ಮಡಿ ಕಟ್ಟಿ ಆ ಮಣ್ಣು ತುಂಬಿದರು, ಮೇಲೆ ತೆಂಗಿನ ಮಡಲಿನ ಮಾಡು ಇಳಿಸಿದರು. ಮೊಣಕಾಲು ಹಿಡಿದುಕೊಂಡು ಇಷ್ಟೆಲ್ಲ ಮಾಡುವಾಗ ನಾನು ಬೈದೆ. ‘ಅವನು ಬರುವಾಗ ಗಿಡದಲ್ಲಿ ಹೂ ಇರಬೇಕು’ ಎಂದರು. ನಿನ್ನ ಹೆಸರೆತ್ತಲಿಲ್ಲ, ಅವನು ಎಂದರು ಅಷ್ಟೆ.

ಮೊದಲ ಸಲ ಬಿತ್ತಿದ್ದು ಕೈಗೆ ಹತ್ತಲಿಲ್ಲ. ಮೊಳಕೆ ಚೆನ್ನಾಗಿಯೇ ಬಂತು, ಎರಡೆರಡು ಎಲೆ ಬಿಟ್ಟು ನೋಡಲು ಚಂದ ಇತ್ತು. ಆಮೇಲೆ ಮಳೆ ಮತ್ತೆ ಹಿಡಿಯಿತು. ಗಾಳಿಯಿಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ, ಅಡಿಗೆಮನೆಯ ಉಪ್ಪು ನೀರಾಗಿ ಹರಿಯುತ್ತದೆ, ಅಂಥ ಸೆಕೆ. ಒಂದು ಬೆಳಿಗ್ಗೆ ನೋಡುವಾಗ ಮಡಿಯ ಒಂದು ಮೂಲೆಯ ಸಸಿಗಳೆಲ್ಲ ಮಲಗಿದ್ದವು. ಎಲೆ ಹಸಿರೇ, ಆದರೆ ಮಣ್ಣಿಗೆ ತಾಗುವಲ್ಲಿ ದಂಟು ಕಪ್ಪಾಗಿ ನೂಲಿನ ಹಾಗೆ ಸಣ್ಣಗಾಗಿತ್ತು. ಮರುದಿನಕ್ಕೆ ಇಡೀ ಮಡಿ ಹೋಯಿತು. ‘ಸಂಜೆ ನೀರು ಹಾಕಬೇಡ ಅಂತ ಎಷ್ಟು ಸಲ ಹೇಳಿದ್ದೇನೆ ನಿನಗೆ?’ ಎಂದು ಪಪ್ಪ ನನ್ನ ಮೇಲೆ ರೇಗಿದರು. ನಾನು ಹಾಕಿರಲೇ ಇಲ್ಲ. ಆದರೂ ಸುಮ್ಮನಿದ್ದೆ, ಅವರಿಗೆ ಯಾರ ಮೇಲಾದರೂ ರೇಗಬೇಕಾಗಿತ್ತು.

ಉಳಿದಿದ್ದ ಬೀಜವನ್ನು ಬೇರೆ ಮಣ್ಣು ಸುಟ್ಟು ಬಿತ್ತಿದರು. ಈ ಸಲ ಮಾಡನ್ನು ಎತ್ತರಿಸಿ ನಾಲ್ಕೂ ಬದಿ ಗಾಳಿಗೆ ಬಿಟ್ಟರು. ಮಳೆ ನಿಂತ ಕೂಡಲೇ ಮಡಲು ಸರಿಸುವುದು, ಹನಿ ಬಿದ್ದ ಕೂಡಲೇ ಎಳೆಯುವುದು, ಇದೇ ಕೆಲಸ. ಬೆಳಿಗ್ಗೆ ಮಾತ್ರ ನೀರು, ಅದೂ ಸಸಿಯ ತಲೆಯ ಮೇಲಲ್ಲ, ಬುಡದ ಸಾಲಿಗೆ. ಒತ್ತೊತ್ತಾಗಿ ಬಂದದ್ದನ್ನು ಕಿತ್ತರೆ ಪಕ್ಕದ ಬೇರು ಅಲ್ಲಾಡುತ್ತದೆಂದು ಮಾಂಯ್‌ಳ ಹೊಲಿಗೆ ಕತ್ತರಿಯಿಂದ ಒಂದೊಂದನ್ನೇ ಕತ್ತರಿಸಿ ತೆಗೆದರು. ಮಾಂಯ್ ಬದುಕಿದ್ದರೆ ಗಂಡನಿಗಾದರೂ ಆ ಕತ್ತರಿ ಮುಟ್ಟಲು ಬಿಡುತ್ತಿದ್ದಳೇ! ಸಸಿಗಳು ಎದ್ದವು ಪಿಯುಸ್. ದಪ್ಪ ದಂಟು, ಕಡು ಹಸಿರು. ಇಷ್ಟು ಒಳ್ಳೆಯ ಸಸಿ ಪಪ್ಪ ಯಾವ ವರ್ಷವೂ ಮಾಡಿರಲಿಲ್ಲ.

ಸೆಪ್ಟೆಂಬರಿನ ಮೊಂತಿ ಫೆಸ್ತ್ ಹಬ್ಬ ಕಳೆದು ಮಳೆ ತಗ್ಗಿದ ಮೇಲೆ ಪ್ರತಿ ವರ್ಷ ನಮ್ಮ ಗೇಟಿನಲ್ಲಿ ಎಷ್ಟು ಜನ ಇರುತ್ತಿದ್ದರು, ನೆನಪುಂಟಲ್ಲ? ಭಾನುವಾರದ ಪೂಜೆ ಮುಗಿಸಿ ಇಗರ್ಜಿಯಿಂದ ನೇರ ಇಲ್ಲಿಗೇ ಬಂದು, ‘ಜೊಕಿಮಣ್ಣ, ನನ್ನದು ತೆಗೆದಿಟ್ಟಿದ್ದೀರಾ?’ ಎಂದು ಪಪ್ಪನನ್ನು ಕೇಳುವವರು. ಈ ವರ್ಷ ಪಪ್ಪ ಬಾಳೆಯ ಪಟ್ಟೆಯಲ್ಲಿ ಸಸಿ ಕಟ್ಟಿ, ಗೇಟಿನ ಹತ್ತಿರ ಸ್ಟೂಲಿನ ಮೇಲೆ ಜೋಡಿಸಿ, ಒಗೆದ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತರು. ಓಣಿಯಲ್ಲಿ ಜನ ಹೋದರು, ಬಂದರು. ಕೆಲವರು ಮುಂಚೆಯೇ ಆಚೆ ಬದಿಗೆ ದಾಟಿ ನಡೆದರು. ಸಂಜೆ ಪಪ್ಪ ಕಟ್ಟುಗಳನ್ನು ಒಳಗೆ ತಂದು ನೀರು ಚಿಮುಕಿಸಿದರು. ಮಾರನೆಯ ಭಾನುವಾರವೂ ಹಾಗೆಯೇ.

ನೀನು ಹೋದ ಏಪ್ರಿಲಿನಿಂದ ನಮ್ಮ ಮನೆಯಲ್ಲಿ ಯಾರೂ ಒಂದು ಲೋಟ ನೀರು ಕುಡಿದಿಲ್ಲ. ಶಾಲೆಯಲ್ಲಿ ನನಗೆ ಬೇರೆ ಲೋಟ ಇಟ್ಟಿದ್ದಾರೆ, ಗುರುತಿಗೆ ಕೆಂಪು ದಾರ ಕಟ್ಟಿ. ನಾನು ಅದರಲ್ಲೇ ಕುಡಿಯುತ್ತೇನೆ. ಕಾರ್ಕಳದ ಕಡೆಯಿಂದ ನನ್ನನ್ನು ನೋಡಲು ಬರುತ್ತೇವೆಂದವರು ಬರಲಿಲ್ಲ. ಅದಕ್ಕೆ ನೀನು ಮನಸ್ಸು ಸಣ್ಣದು ಮಾಡಬೇಡ, ಅವರ ಹುಡುಗನ ಫೋಟೊ ನಾನು ನೋಡಿದ್ದೇನೆ, ನಷ್ಟ ದೊಡ್ಡದಲ್ಲ. ಇದೆಲ್ಲ ನನಗೆ ರೂಢಿಯಾಗಿತ್ತು. ಪಪ್ಪನಿಗೆ ಆಗಿರಲಿಲ್ಲ. ಜನರಿಗೆ ಪುರುಸೊತ್ತಿಲ್ಲ, ಮಳೆ ಇತ್ತು, ಕೊಯ್ಲು ಉಂಟು ಎಂದು ಏನಾದರೊಂದು ಹೇಳಿಕೊಳ್ಳುತ್ತಿದ್ದರು.

ಒಂದು ಸಂಜೆ ಇಸಿದೋರ್ ಮಾಮ ಬಂದರು. ಹಂಚಿನ ಕಾರ್ಖಾನೆಯಲ್ಲಿ ಪಪ್ಪನ ಪಕ್ಕದ ಮೇಜಿನಲ್ಲಿ ಪಿಂಚಣಿಯ ತನಕ ಕೂತವರು, ನಿನ್ನ ಜ್ಞಾನಸ್ನಾನಕ್ಕೆ ನಿನ್ನನ್ನು ಎತ್ತಿಕೊಂಡವರು. ಗೇಟಿನ ಹೊರಗೇ ನಿಂತು ಮಳೆಯ ವಿಷಯ ಮಾತಾಡಿದರು. ನಿನ್ನ ಸುದ್ದಿ ಕೇಳಲಿಲ್ಲ. ಪಪ್ಪ ಎಲ್ಲಕ್ಕಿಂತ ಒಳ್ಳೆಯ ಕಟ್ಟನ್ನು ಎತ್ತಿ ಗೇಟಿನ ಮೇಲಿಂದ ಚಾಚಿದರು. ‘ಈ ವರ್ಷ ಬೇಡ ಮಾರಾಯ, ನೆಡಲು ಜಾಗ ಇಲ್ಲ’ ಎಂದರು ಮಾಮ, ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಅದೇ ವಾರ ನಾನು ಹಂಪನಕಟ್ಟೆಗೆ ಹೋಗಿದ್ದೆ. ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟು ಕೂತ ಹೆಂಗಸಿನ ಎದುರು ಮಾಮ ಕುಕ್ಕರಗಾಲಲ್ಲಿ ಕೂತು ಟೊಮೆಟೊ ಸಸಿ ಆರಿಸುತ್ತಿದ್ದರು. ಕಡ್ಡಿಯಂಥ ಸಸಿಗಳು, ಎಲೆಯೆಲ್ಲ ಚುಕ್ಕೆ. ನನ್ನನ್ನು ಕಂಡು ಎದ್ದರು, ಕಟ್ಟನ್ನು ಕೊಡೆಯ ಮರೆಗೆ ಹಿಡಿದರು. ನಾನು ‘ದೇವ್ ಬರೆಂ ಕರುಂ’ ಎಂದು ಅವರಿಗೆ ಒಳ್ಳೆಯದು ಹಾರೈಸಿ ಬಸ್ಸು ಹತ್ತಿದೆ. ಪಪ್ಪನಿಗೆ ಹೇಳಲಿಲ್ಲ.

ಹೇಳದಿದ್ದರೂ ಗೊತ್ತಾಯಿತು. ಆಚೆ ಭಾನುವಾರ ಪೂಜೆ ಮುಗಿದು ಇಗರ್ಜಿಯ ಮೆಟ್ಟಿಲು ಇಳಿಯುವಾಗ ಹಿಂದೆ ಯಾರೋ ಹೆಂಗಸರು ಮಾತಾಡಿಕೊಂಡರು: ‘ಆ ಬೀಜ ಅವರ ಮಗ ಕೈಯಾರೆ ತೆಗೆದದ್ದಂತೆ. ಅದರ ಹಣ್ಣನ್ನು ಮಕ್ಕಳಿಗೆ ಹೇಗೆ ಕೊಡುವುದು?’ ಪಪ್ಪ ತಿರುಗಿ ನೋಡಲಿಲ್ಲ. ಮನೆಗೆ ಬಂದವರು ಕಾಫಿ ಕುಡಿಯಲಿಲ್ಲ, ಅಂಗಿ ಬದಲಿಸಲಿಲ್ಲ, ನೇರ ಹಿತ್ತಿಲಿಗೆ ಹೋದರು. ಸಸಿಗಳು ಅಷ್ಟರಲ್ಲಿ ವಯಸ್ಸು ಮೀರಿ ಉದ್ದವಾಗಿ, ಕೆಳಗಿನ ಎಲೆ ಹಳದಿಯಾಗಿ, ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಪಪ್ಪ ಮಂಡಿಯೂರಿ ಹಿಡಿ ಹಿಡಿಯಾಗಿ ಕೀಳತೊಡಗಿದರು. ನಾನು ಬೇಡ ಬೇಡ ಎಂದು ಕೈ ಹಿಡಿದರೆ ಕೊಡವಿ ಹಾಕಿದರು. ಪಪ್ಪ ಅಳುವುದನ್ನು ಮಾಂಯ್ ಸತ್ತ ದಿನವೂ ನಾನು ನೋಡಿರಲಿಲ್ಲ.

ಆಗ ಪಕ್ಕದ ಮನೆಯ ಆಸ್ಯಮ್ಮ ಬಂದರು. ಪ್ರತಿ ವರ್ಷ ಅವರ ಪಾಲಿನ ಸಸಿ ನಾವು ಗೋಡೆಯ ಮೇಲಿಂದ ಕೊಡುವುದಲ್ಲವೇ, ಈ ವರ್ಷ ಅವರು ಮಗ ಯಾಹ್ಯಾನ ಮನೆಗೆ ಸೊಸೆಯ ಬಾಣಂತನಕ್ಕೆ ಹೋದವರು ಹಿಂದಿನ ದಿನವಷ್ಟೇ ಮರಳಿದ್ದರು. ಗೋಡೆಯ ಹತ್ತಿರ ನಿಲ್ಲದೆ, ಸುತ್ತಿ ಬಂದು, ಓಣಿಯವರೆಲ್ಲ ಪೂಜೆ ಮುಗಿಸಿ ಹೋಗುವ ಹೊತ್ತಿನಲ್ಲಿ ನಮ್ಮ ಗೇಟು ತೆರೆದು ಹಿತ್ತಿಲಿಗೆ ನಡೆದರು.

‘ಎಂತ ಪೊರ್ಬುಗಳೇ ಇದು? ನನ್ನ ಸಸಿ ಎಲ್ಲಿ?’ ಎಂದು ಪಪ್ಪನನ್ನು ಕೇಳಿದರು, ಯಾವಾಗಲೂ ಕರೆಯುವ ಆ ಗೌರವದ ಹೆಸರಿನಿಂದಲೇ.

‘ನಮ್ಮ ಮನೆಯದ್ದು ಯಾರಿಗೂ ಬೇಡ ಆಸ್ಯಮ್ಮ. ನಿಮಗೆ ಗೊತ್ತಿಲ್ವಾ?’ ಎಂದರು ಪಪ್ಪ, ತಲೆಯೆತ್ತದೆ.

‘ಗೊತ್ತುಂಟು. ನನ್ನ ಗಂಡನಿಗೂ ಇದೇ ಕಾಯಿಲೆ ಅಲ್ವಾ? ಆಗ ನಮ್ಮ ಮೆಟ್ಟಿಲು ಯಾರು ಹತ್ತಿದರು, ಯಾರು ಹತ್ತಲಿಲ್ಲ ಅಂತ ನನಗೆ ಗೊತ್ತುಂಟು. ನೀವು ಹತ್ತಲಿಲ್ಲ ಪೊರ್ಬುಗಳೇ. ನಿಮ್ಮ ಬಾವಿಗೆ ನನ್ನ ಕೊಡ ಇಳಿಸಬಾರದು ಅಂತ ಹೇಳಿ ಕಳಿಸಿದಿರಿ.’

ನೀನು ಆಗ ತೊಟ್ಟಿಲಿನಲ್ಲಿದ್ದೆ. ನನಗೆ ಸ್ವಲ್ಪ ಸ್ವಲ್ಪ ನೆನಪುಂಟು. ಆ ಗಂಡಸಿನ ಕೆಮ್ಮು ಕೇಳಿದರೆ ಮಾಂಯ್ ಕಿಟಕಿ ಮುಚ್ಚುತ್ತಿದ್ದಳು. ಆದರೆ ಬಾವಿಯ ವಿಷಯ ನನಗೆ ಗೊತ್ತಿರಲಿಲ್ಲ. ಪಪ್ಪನ ಕೈ ಮಣ್ಣಿನಲ್ಲೇ ನಿಂತಿತು. ಆಸ್ಯಮ್ಮ ಉತ್ತರಕ್ಕೆ ಕಾಯಲಿಲ್ಲ. ‘ಅದನ್ನು ಹೇಳಲಿಕ್ಕೆ ಬಂದದ್ದಲ್ಲ. ಟೊಮೆಟೊ ಬೇಕು, ಬಂದೆ’ ಎಂದು ಕೆಳಗೆ ಕೂತರು. ಕಿತ್ತ ರಾಶಿಯಿಂದ ಬೇರು ಹರಿಯದ ಸಸಿಗಳನ್ನು ಒಂದೊಂದಾಗಿ ಆರಿಸಿ ತಲೆವಸ್ತ್ರದ ತುದಿಯಲ್ಲಿ ಕಟ್ಟಿಕೊಂಡರು. ಎದ್ದು ಹೋಗುವ ಮೊದಲು ನನ್ನ ಹತ್ತಿರ ಕುಡಿಯಲು ನೀರು ಕೇಳಿದರು. ನಾನು ಓಡಿ ಹೋಗಿ ತಂದೆ. ಜಗಲಿಯ ಮೆಟ್ಟಿಲಿನಲ್ಲಿ, ಓಣಿಗೆ ಮುಖ ಮಾಡಿ ಕೂತು, ನಿಧಾನಕ್ಕೆ ಕುಡಿದು ಲೋಟ ಕೊಟ್ಟರು.

ಇದರಿಂದ ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಹಾಗೆ ಆಗಲಿಲ್ಲ. ಉದ್ದವಾಗಿ ಬೆಳೆದ ಸಸಿ, ಬೇರೂ ಪೆಟ್ಟು ತಿಂದಿತ್ತು. ಆಸ್ಯಮ್ಮನ ಅಂಗಳದಲ್ಲಿ ನಾಲ್ಕಾರು ಹಿಡಿದುಕೊಂಡಿವೆ, ಉಳಿದವು ಬಾಡಿದವು. ನಮ್ಮ ಮಡಿ ಖಾಲಿ ಬಿದ್ದಿದೆ. ನೀನು ಬರುವಾಗ ಹೂ ಇರುವುದಿಲ್ಲ. ಆಸ್ಯಮ್ಮ ಬಂದು ಹೋದದ್ದನ್ನು ಓಣಿ ನೋಡಿತು, ಆದರೆ ಬೇರೆ ಯಾರೂ ಅವರ ಹಿಂದೆ ಬರಲಿಲ್ಲ. ಪಪ್ಪ ಈಗ ಜಗಲಿಯಲ್ಲಿ ಕೂರುವುದಿಲ್ಲ. ಜನರ ಮೇಲೆ ಸಿಟ್ಟು ಮಾಡುತ್ತಿದ್ದಾಗ ಅವರಿಗೆ ಸ್ವಲ್ಪ ಬಲವಾದರೂ ಇತ್ತು. ಈಗ ಅದೂ ಇಲ್ಲ. ಮೊನ್ನೆ ಊಟದ ನಡುವೆ, ‘ಅವರು ಎಂತ ಯೋಚನೆ ಮಾಡುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತುಂಟು ಒಲಿಂಡಾ. ನಾನೂ ಅದನ್ನೇ ಮಾಡಿದ್ದೆ’ ಎಂದು ಹೇಳಿ ಕೈ ತೊಳೆದರು. ತಟ್ಟೆಯಲ್ಲಿ ಗಂಜಿ ಹಾಗೇ ಇತ್ತು.

ನೀನು ಇದನ್ನೆಲ್ಲ ಓದಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡ. ಔಷಧಿ ಒಂದು ಹೊತ್ತೂ ತಪ್ಪಿಸಬೇಡ. ಪಪ್ಪ ನಿನಗೆ ಆಶೀರ್ವಾದ ಹೇಳಿದ್ದಾರೆ, ನಿನ್ನ ಹಣೆಗೆ ಶಿಲುಬೆ ಬರೆದೆನೆಂದು ತಿಳಿಸು ಎಂದಿದ್ದಾರೆ. ಆಸ್ಯಮ್ಮನಿಗೆ ನಿನ್ನ ಕಾಗದದ ಸುದ್ದಿ ಹೇಳಿದೆ, ನಿನ್ನ ತೂಕ ಎಷ್ಟಾಯಿತೆಂದು ಕೇಳಿದರು. ನಿನ್ನ ಪಕ್ಕದ ಹಾಸಿಗೆಯ ಆ ಮುದುಕರಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ಬರವನ್ನೇ ಕಾಯುತ್ತಿರುವ ಅಕ್ಕ,
ಒಲಿಂಡಾ

ತಾ.ಕ.: ಪಪ್ಪ ಬಾವಿಯ ಹತ್ತಿರ ಹೋಗಿದ್ದಾರೆ, ಬರುವುದರೊಳಗೆ ಬರೆಯುತ್ತೇನೆ. ಅವರು ನಿನಗೆ ತಿಳಿಸಲು ಹೇಳಿದ ಒಂದು ಮಾತನ್ನು ಮೇಲೆ ಬರೆಯಲಿಲ್ಲ. ನೀನು ರೈಲಿನಿಂದ ಇಳಿದು ಸ್ಟೇಷನ್ನಿನಲ್ಲೇ ಕೂತಿರಬೇಕಂತೆ. ಕತ್ತಲಾದ ಮೇಲೆ ಜಟಕಾ ಹಿಡಿದು ಹಿಂದಿನ ದಾರಿಯಿಂದ ಅಡಿಗೆಮನೆಯ ಬಾಗಿಲಿಗೆ ಬರಬೇಕಂತೆ, ಕ್ರಿಸ್ಮಸ್ ಕಳೆಯುವ ತನಕ ಹೊರಗೆ ಕಾಣಿಸಿಕೊಳ್ಳಬಾರದಂತೆ. ಅವರ ಮೇಲೆ ಸಿಟ್ಟು ಮಾಡಬೇಡ, ಹೆದರಿದ್ದಾರೆ. ಆದರೆ ಹಾಗೆ ಬರಬೇಡ. ಹಗಲು ಬಾ. ಯಾವ ದಿನ ಎಂದು ನನ್ನ ಶಾಲೆಯ ವಿಳಾಸಕ್ಕೆ ಬರಿ, ನಾನು ರಜೆ ಹಾಕಿ ಸ್ಟೇಷನ್ನಿಗೆ ಬರುತ್ತೇನೆ. ಜಟಕಾ ಬೇಡ, ನಡೆದೇ ಹೋಗುವ. ಟ್ರಂಕು ನಾನು ಹಿಡಿಯುತ್ತೇನೆ. ಓಣಿಯಲ್ಲಿ ಯಾರೂ ಮಾತಾಡಿಸಲಿಕ್ಕಿಲ್ಲ. ನಾವಿಬ್ಬರೂ ಮಾತಾಡುತ್ತಾ ಬರುವ.