ಕೊನೆಯ ಬೋಗಿಯಿಂದ

ಜೂನ್ ೧೧, ಗುರುವಾರ.

ಆ ಕನ್ನಡಕದವನ ನಗು ಇನ್ನೂ ಚುಚ್ಚುತ್ತಿದೆ. ಟಿಕೆಟ್ ಇಲ್ಲದೆ ನನ್ನ ಕೈಗೆ ಸಿಕ್ಕಿಬಿದ್ದವನು ತಕರಾರಿಲ್ಲದೆ ದಂಡ ಕಟ್ಟಿ, ರಸೀದಿ ಮಡಚುತ್ತಾ ಹೇಳಿದ: "ಇವತ್ತು ನಿದ್ದೆ ಹತ್ಬಿಡ್ತು ಸಾರ್, ಇಲ್ಲಾಂದ್ರೆ ನಾನೆಲ್ಲಿ ಸಿಗ್ತಿದ್ದೆ? ನೀವು ಯಾವಾಗ್ಲೂ ಮುಂದಿನ ಬೋಗಿಯಿಂದ್ಲೇ ಚೆಕಿಂಗ್ ಶುರು ಮಾಡ್ತೀರಲ್ಲ, ನಾವು ಒಂದೊಂದು ಸ್ಟೇಷನ್ನಲ್ಲೂ ಇಳಿದು ಹಿಂದಕ್ಕೆ ಹೋಗ್ತಿರ್ತೀವಿ."

ನಾವು ಅಂದನಲ್ಲ! ಇನ್ನೆಷ್ಟು ಜನವೋ.

ದಂಡ ಸಾಲದು, ಹೆಚ್ಚಿಸಿ ಎಂದು ಹನ್ನೊಂದು ವರ್ಷದಿಂದ ಮೇಲಿನವರಿಗೆ ಬರೆಯುತ್ತಿರುವವನು ನಾನು. ಸಿಕ್ಕಿಬೀಳುವ ಭಯವೇ ಇಲ್ಲದವನಿಗೆ ದಂಡ ಎಷ್ಟಾದರೇನು? ಹೆಂಡತಿಗೆ ಹೇಳಿದರೆ, "ಮನೇಲೂ ಅಷ್ಟೇ ರೀ, ನೀವು ಬರೋ ಹೊತ್ತಿಗೆ ಸರಿಯಾಗಿ ಮಕ್ಕಳು ಪುಸ್ತಕ ತೆಗೀತಾರೆ" ಎಂದು ನಕ್ಕಳು.

ನಾಳೆ ಕೊನೆಯ ಬೋಗಿಯಿಂದ ಶುರು. ನಾಡಿದ್ದು ಎಲ್ಲಿಂದ ಎಂಬುದನ್ನು ಇಲ್ಲಿಯೂ ಬರೆಯುವುದಿಲ್ಲ.